ಗಣಕದ ಕಿಟಕಿ ಸ್ತಬ್ಧವಾಗುವುದೇಕೆ?

ಅನಿಲದ ಕಣಗಳ ಚಲನೆಯನ್ನು ಅನುಕರಿಸುವ ಪ್ರೋಗ್ರಾಂ ಒಂದನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. 'ಆರಂಭಿಸು' ಗುಂಡಿ ಒತ್ತಿದೊಡನೆ ದೀರ್ಘ ಲೆಕ್ಕಾಚಾರ ಶುರುವಾಗುತ್ತದೆ. ತಾಪದ ಬೆಲೆಯನ್ನು ತಪ್ಪಾಗಿ ಕೊಟ್ಟದ್ದು ಆಗ ಅವನ ಗಮನಕ್ಕೆ ಬರುತ್ತದೆ. 'ನಿಲ್ಲಿಸು' ಗುಂಡಿ ಒತ್ತುತ್ತಾನೆ. ಏನೂ ಆಗುವುದಿಲ್ಲ. ಕಿಟಕಿ ಮಸುಕಾಗಿ, ಅದರ ಶೀರ್ಷಿಕೆಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂಬ ಪದಗಳು ಕಾಣಿಸಿಕೊಳ್ಳುತ್ತವೆ. ಬೇರೆ ದಾರಿಯಿಲ್ಲದೆ ಪ್ರೋಗ್ರಾಂ ಅನ್ನು ಬಲವಂತವಾಗಿ ಮುಚ್ಚುತ್ತಾನೆ. ಅದುವರೆಗೆ ಉಳಿಸದಿದ್ದ ಫಲಿತಾಂಶಗಳೆಲ್ಲ ನಷ್ಟವಾಗುತ್ತವೆ.

ಇಂಥ ಸಂದರ್ಭದಲ್ಲಿ ಗಣಕ ನಿಧಾನವೆಂದು ದೂರುವುದು ವಾಡಿಕೆ. ಆದರೆ ಹೆಚ್ಚು ವೇಗದ ಗಣಕ ತಂದರೂ ಈ ದೋಷ ಹೋಗದು. ಏಕೆಂದರೆ ಅದು ಇರುವುದು ಪ್ರೋಗ್ರಾಂನ ರಚನೆಯಲ್ಲಿ.

ಘಟನೆಗಳ ಸರದಿ

ಕೀಲಿ ಒತ್ತುವುದು, ಮೌಸ್ ಸರಿಸುವುದು, ಗುಂಡಿ ಒತ್ತುವುದು ಇವೆಲ್ಲ ಗಣಕದ ಮಟ್ಟಿಗೆ 'ಘಟನೆ'ಗಳು. ಕಾರ್ಯಾಚರಣ ವ್ಯವಸ್ಥೆಯು ಪ್ರತಿ ಘಟನೆಯನ್ನೂ ಸಂಬಂಧಿಸಿದ ಪ್ರೋಗ್ರಾಂನ ಸರದಿ ಸಾಲಿಗೆ ಸೇರಿಸುತ್ತದೆ. ಪ್ರೋಗ್ರಾಂನ ಮುಖ್ಯ ಎಳೆ, ಅಂದರೆ ಥ್ರೆಡ್, ಒಂದೊಂದಾಗಿ ಅವನ್ನು ತೆಗೆದು ತಕ್ಕ ಕೆಲಸ ಮಾಡಿ ಮತ್ತೆ ಸಾಲಿಗೆ ಮರಳುತ್ತದೆ. ಕಿಟಕಿಯನ್ನು ಪುನಃ ಚಿತ್ರಿಸುವ ಹೊಣೆಯೂ ಇದೇ ಎಳೆಯದು.

'ಆರಂಭಿಸು' ಘಟನೆಗೆ ತಕ್ಕ ಕೆಲಸ 100 ಸೆಕೆಂಡು ಹಿಡಿದರೆ, ಅಷ್ಟೂ ಹೊತ್ತು ಸಾಲನ್ನು ನೋಡುವವರಿಲ್ಲ. 'ನಿಲ್ಲಿಸು' ಎಂಬ ಕೋರಿಕೆಯೂ ಅದೇ ಸಾಲಿನಲ್ಲಿ ಕಾದಿರುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಂ 5 ಸೆಕೆಂಡುಗಳವರೆಗೆ ಸಾಲಿನತ್ತ ನೋಡದಿದ್ದರೆ ಅದನ್ನು 'ಪ್ರತಿಕ್ರಿಯಿಸದ' ಪ್ರೋಗ್ರಾಂ ಎಂದು ಪರಿಗಣಿಸಲಾಗುತ್ತದೆ. ಒಳಗೆ ಲೆಕ್ಕ ಸರಿಯಾಗಿಯೇ ಸಾಗಿರಬಹುದು. ಹೊರಗಿನವರಿಗೆ ಅದು ತಿಳಿಯುವ ಬಗೆಯಿಲ್ಲ.

ಮನುಷ್ಯನ ತಾಳ್ಮೆಗೂ ಅಳತೆಯಿದೆ. ಯಾಕೋಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಮೂರು ಮಿತಿಗಳನ್ನು ಹೇಳಿದ್ದಾರೆ. 0.1 ಸೆಕೆಂಡಿನೊಳಗಿನ ಉತ್ತರ ತತ್‌ಕ್ಷಣದ್ದೆನಿಸುತ್ತದೆ. 1 ಸೆಕೆಂಡಿನವರೆಗೆ ಆಲೋಚನೆಯ ಓಟ ಕಡಿಯದು. 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ.

ಮೊದಲ ಉಪಾಯ: ಕೆಲಸವನ್ನು ತುಂಡರಿಸುವುದು

ಲೆಕ್ಕಾಚಾರದಲ್ಲಿ 10 ಕೋಟಿ ಹೆಜ್ಜೆಗಳಿವೆ, ಪ್ರತಿ ಹೆಜ್ಜೆಗೆ 1 ಮೈಕ್ರೊಸೆಕೆಂಡು ಬೇಕು ಎನ್ನೋಣ. ಒಟ್ಟು 100 ಸೆಕೆಂಡು. ಇದನ್ನು 20,000 ಹೆಜ್ಜೆಗಳ ತುಂಡುಗಳಾಗಿ ಮಾಡಿದರೆ ಒಂದು ತುಂಡಿಗೆ 20 ಮಿಲಿಸೆಕೆಂಡು ಸಾಕು. ಪ್ರತಿ ತುಂಡಿನ ಬಳಿಕ ಎಳೆಯು ಸಾಲಿಗೆ ಮರಳಿ, ಕಾದಿರುವ ಘಟನೆಗಳನ್ನು ವಿಲೇವಾರಿ ಮಾಡಿ ಮುಂದಿನ ತುಂಡನ್ನು ಎತ್ತಿಕೊಳ್ಳುತ್ತದೆ.

ತುಂಡಿನ ಗಾತ್ರವನ್ನು ವಿವೇಚನೆಯಿಂದ ಆರಿಸಬೇಕು. ಪ್ರತಿ ಮರಳುವಿಕೆಗೆ 1 ಮಿಲಿಸೆಕೆಂಡು ವ್ಯಯವಾದರೆ, 5,000 ತುಂಡುಗಳಿಗೆ 5 ಸೆಕೆಂಡು ಹೆಚ್ಚುವರಿ. ತುಂಡನ್ನು 1,000 ಹೆಜ್ಜೆಗೆ ಇಳಿಸಿದರೆ ತುಂಡುಗಳು ಒಂದು ಲಕ್ಷವಾಗಿ ಹೆಚ್ಚುವರಿ ಕಾಲವೇ 100 ಸೆಕೆಂಡು! ತುಂಡನ್ನು 10 ಲಕ್ಷ ಹೆಜ್ಜೆಗೆ ಏರಿಸಿದರೆ ಪ್ರತಿ ಒತ್ತುವಿಕೆಯೂ 1 ಸೆಕೆಂಡಿನವರೆಗೆ ಕಾಯಬೇಕಾದೀತು.

ಎರಡನೆಯ ಉಪಾಯ: ಬೇರೊಂದು ಎಳೆ

ಕೆಲಸವನ್ನು ಇನ್ನೊಂದು ಎಳೆಗೆ ವಹಿಸುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಮುಖ್ಯ ಎಳೆ ಸಾಲನ್ನು ನೋಡಿಕೊಂಡರೆ ಹಿನ್ನೆಲೆಯ ಎಳೆ ಲೆಕ್ಕ ಮಾಡುತ್ತದೆ. ಪ್ರೊಸೆಸರ್‌ನಲ್ಲಿ ಒಂದೇ ಕೋರ್ ಇದ್ದರೂ ಇದು ಸಾಧ್ಯ. ಕಾರ್ಯಾಚರಣ ವ್ಯವಸ್ಥೆಯು ಎರಡೂ ಎಳೆಗಳಿಗೆ ಕಾಲವನ್ನು ಹಂಚಿಕೊಡುತ್ತದೆ. ಈ ಕ್ರಮವನ್ನು ಸುಲಭಗೊಳಿಸಲು ಡಾಟ್‌ನೆಟ್ 2.0ರಲ್ಲಿ (2005) 'ಬ್ಯಾಕ್‌ಗ್ರೌಂಡ್ ವರ್ಕರ್', ಜಾವಾ 6ರಲ್ಲಿ (2006) 'ಸ್ವಿಂಗ್ ವರ್ಕರ್' ಎಂಬ ಸಿದ್ಧ ಸಾಧನಗಳು ಬಂದವು.

ಇಲ್ಲಿ ಹೊಸ ಅಪಾಯವೊಂದಿದೆ. ಎರಡು ಎಳೆಗಳು ಒಂದೇ ಎಣಿಕೆಯನ್ನು ಹೆಚ್ಚಿಸುತ್ತಿವೆ ಎನ್ನಿ. ಎರಡೂ 41 ಎಂದು ಓದಿ, ಎರಡೂ 42 ಎಂದು ಬರೆದರೆ ಒಂದು ಎಣಿಕೆ ಕಳೆದುಹೋಯಿತು, ಇರಬೇಕಾದದ್ದು 43. ಈ ದೋಷ ಪ್ರತಿ ಸಲವೂ ಕಾಣಿಸಿಕೊಳ್ಳದ ಕಾರಣ ಪತ್ತೆ ಮಾಡುವುದು ಕಷ್ಟ. ಆದ್ದರಿಂದ ಕಿಟಕಿಯ ಗುಂಡಿ, ಪಟ್ಟಿಗಳನ್ನು ಮುಖ್ಯ ಎಳೆ ಮಾತ್ರ ಮುಟ್ಟಬೇಕೆಂಬುದು ನಿಯಮ. ಹಿನ್ನೆಲೆಯ ಎಳೆ ತನ್ನ ಪ್ರಗತಿಯನ್ನು ಸಂದೇಶವಾಗಿ ಸಾಲಿಗೆ ಕಳುಹಿಸುತ್ತದೆ. ಪ್ರತಿ ಹೆಜ್ಜೆಗೂ ಸಂದೇಶ ಕಳುಹಿಸಿದರೆ ಸಾಲೇ ತುಂಬಿ ಕಿಟಕಿ ಮತ್ತೆ ಸ್ತಬ್ಧವಾಗುತ್ತದೆ. ಸೆಕೆಂಡಿಗೆ ಹತ್ತು ಬಾರಿ ಸಾಕು.

ನಿಲ್ಲಿಸುವ ಕ್ರಮ

'ನಿಲ್ಲಿಸು' ಎಂದಾಗ ಹಿನ್ನೆಲೆಯ ಎಳೆಯನ್ನು ನಡುವೆಯೇ ಕತ್ತರಿಸಬಾರದು. ಅದು ಕಡತವನ್ನು ಅರ್ಧ ಬರೆದಿರಬಹುದು. ಮುಖ್ಯ ಎಳೆ ಒಂದು ಸೂಚನೆಯನ್ನು ಇಡುತ್ತದೆ. ಹಿನ್ನೆಲೆಯ ಎಳೆ ಆಗಾಗ ಅದನ್ನು ಪರೀಕ್ಷಿಸಿ, ಕಡತ ಮುಚ್ಚಿ, ತಾನಾಗಿ ನಿಲ್ಲುತ್ತದೆ.

ತರಗತಿಯಲ್ಲಿ ಇದನ್ನು ಪೈಥಾನ್ ಭಾಷೆಯ ಟಿಕಿಂಟರ್ ಬಳಸಿ ತೋರಿಸಬಹುದು. ಅದರ 'ಆಫ್ಟರ್' ಸೌಲಭ್ಯದಿಂದ ಮುಂದಿನ ತುಂಡನ್ನು ಸಾಲಿಗೆ ಸೇರಿಸಬಹುದು. ಒಂದೇ ಲೆಕ್ಕವನ್ನು ತುಂಡರಿಸದೆ ಒಮ್ಮೆ, ತುಂಡರಿಸಿ ಒಮ್ಮೆ ನಡೆಸಿ, ಗುಂಡಿಯ ಪ್ರತಿಕ್ರಿಯೆಯನ್ನೂ ಒಟ್ಟು ಕಾಲವನ್ನೂ ಅಳೆಯಲು ವಿದ್ಯಾರ್ಥಿಗಳಿಗೆ ಹೇಳಿ. ಎರಡನೆಯ ಸಲ ಒಟ್ಟು ಕಾಲ ತುಸು ಹೆಚ್ಚಿರುತ್ತದೆ. ಬಳಕೆದಾರನ ಕೈಯಲ್ಲಿ ಹಿಡಿತ ಉಳಿಯಲು ತೆರುವ ಬೆಲೆ ಅಷ್ಟೇ.