ತಿರುಳು ಮತ್ತು ಸುರಂಗ: ಗಣಕಜಾಲದ ಒಂದು ವಿಧಾನವನ್ನು ಕುರಿತು

1

ಗಣಕಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸಲು ಇರುವ ಮುಖ್ಯ ತೊಡಕು ಪದಗಳ ಕೊರತೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪದ ದೊರೆತ ಮಾತ್ರಕ್ಕೆ ಅರ್ಥ ದೊರೆಯುವುದಿಲ್ಲ. ಗಣಕಜಾಲದಲ್ಲಿ 'ಟನೆಲ್' ಎಂದು ಕರೆಯಲಾಗುವ ವಿಧಾನಕ್ಕೆ 'ಸುರಂಗ' ಎಂಬ ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಆ ಪದವನ್ನು ಕೇಳಿದೊಡನೆ ಠಾಣೆ ಮತ್ತು ದಿವಾ ನಿಲ್ದಾಣಗಳ ನಡುವೆ ಪಾರ್ಸಿಕ್ ಗುಡ್ಡವನ್ನು ಕೊರೆದು 1916ರಲ್ಲಿ ತೆರೆದ ರೈಲುಮಾರ್ಗದಂತಹ ಚಿತ್ರ ಮನಸ್ಸಿಗೆ ಬರುತ್ತದೆ. ಜಾಲದ ಸುರಂಗದಲ್ಲಿಯಾದರೋ ಕೊರೆಯುವ ಕ್ರಿಯೆಯೇ ಇಲ್ಲ. ಅಲ್ಲಿ ನಡೆಯುವುದು ಏನು, ಗಣಕದ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಿನಲ್ಲಿ ಅದಕ್ಕೆ ಎಡೆಮಾಡಿಕೊಡುವುದು ಹೇಗೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಈ ವಿಷಯಕ್ಕೆ ಖಾರಘರದೊಂದಿಗೆ ಸಂಬಂಧವಿದೆ. ಖಾರಘರ ರೈಲುನಿಲ್ದಾಣದ ಎದುರಿನಲ್ಲಿರುವ ಸಿ-ಡ್ಯಾಕ್ ಸಂಸ್ಥೆಯ ಆವರಣ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದ ಪರಂಪರೆಗೆ ಸೇರಿದುದು. 1985ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಕೇಂದ್ರವು 2003ರಲ್ಲಿ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. 1986ರಲ್ಲಿ ರೂಪುಗೊಂಡ 'ಅರ್ನೆಟ್' ಎಂಬ ಶಿಕ್ಷಣ ಮತ್ತು ಸಂಶೋಧನ ಜಾಲದಲ್ಲಿ ಈ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಹಾಗೂ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಪಾಲುಗೊಂಡಿದ್ದವು. ಆರಂಭದ ವರ್ಷಗಳಲ್ಲಿ ಆ ಜಾಲವು ಒಂದೇ ನಿಯಮಾವಳಿಗೆ ಕಟ್ಟುಬಿದ್ದಿರಲಿಲ್ಲ. 1995ರ ವೇಳೆಗೆ ಅದರ ಸಂಚಾರವೆಲ್ಲ ಬಹುತೇಕ ಇಂದಿನ ಅಂತರ್ಜಾಲದ ನಿಯಮಾವಳಿಗೆ ಒಳಪಟ್ಟಿತು. ಒಂದು ನಿಯಮವನ್ನಷ್ಟೇ ಬಲ್ಲ ದಾರಿಯಲ್ಲಿ ಇನ್ನೊಂದು ನಿಯಮದ ಸಂದೇಶವನ್ನು ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಅಂತರ್ಜಾಲದ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದು. ಅದರಲ್ಲಿ ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶ. ಆರನೆಯ ಆವೃತ್ತಿಯ ವಿಳಾಸ 128 ಬಿಟ್‌ಗಳದು. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು 2010ರ ಜುಲೈಯಲ್ಲಿ ಆರನೆಯ ಆವೃತ್ತಿಯ ಅಳವಡಿಕೆಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಹಳೆಯ ಜಾಲವನ್ನು ಒಂದೇ ದಿನದಲ್ಲಿ ಕಿತ್ತು ಹೊಸದನ್ನು ಹೂಡಲಾಗದು. ಎರಡು ಹೊಸ ಜಾಲಗಳ ನಡುವೆ ಹಳೆಯ ಜಾಲವೊಂದಿದ್ದರೆ ಅದನ್ನು ದಾಟುವ ಉಪಾಯಗಳಲ್ಲಿ ಪ್ರಮುಖವಾದುದೇ ಸುರಂಗ.

3

ಜಾಲದಲ್ಲಿ ಸಂದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಆದಿಯಲ್ಲಿ ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸಗಳನ್ನುಳ್ಳ ಶಿರೋಲೇಖವಿರುತ್ತದೆ. ಸುರಂಗದ ಒಂದು ತುದಿಯ ಗಣಕವು ಇಡೀ ಪೊಟ್ಟಣವನ್ನು, ಅದರ ಶಿರೋಲೇಖದ ಸಮೇತ, ಇನ್ನೊಂದು ಪೊಟ್ಟಣದ ಒಳಗಿಟ್ಟು ಹೊರಗೆ ಹೊಸ ಶಿರೋಲೇಖವನ್ನು ಬರೆಯುತ್ತದೆ. ದಾರಿಯ ಗಣಕಗಳು ಹೊರಗಿನ ಬರಹವನ್ನಷ್ಟೇ ಓದಿ ಮುಂದಕ್ಕೆ ದಾಟಿಸುತ್ತವೆ. ಇನ್ನೊಂದು ತುದಿಯ ಗಣಕವು ಹೊದಿಕೆಯನ್ನು ತೆಗೆದು ಒಳಗಿನದನ್ನು ಅದರ ಗಮ್ಯಕ್ಕೆ ಕಳುಹಿಸುತ್ತದೆ.

ವ್ಯಾಕರಣದ ವಿದ್ಯಾರ್ಥಿಗಳಿಗೆ ಈ ಕ್ರಿಯೆ ಅಪರಿಚಿತವಲ್ಲ. 'ಬಸ್ಸಿನಲ್ಲಿ' ಎಂಬ ರೂಪದಲ್ಲಿ ಒಳಗಿರುವುದು ಅನ್ಯದೇಶ್ಯ ಪ್ರಕೃತಿ; ಹೊರಗೆ ಕಾಣುವುದು ಕನ್ನಡದ ವಿಭಕ್ತಿಪ್ರತ್ಯಯ. ವಾಕ್ಯದಲ್ಲಿ ಆ ಪದದ ಸ್ಥಾನವನ್ನು ನಿರ್ಣಯಿಸುವುದು ಪ್ರತ್ಯಯವೇ ಹೊರತು ಪ್ರಕೃತಿಯ ಮೂಲವಲ್ಲ. ಪ್ರತ್ಯಯವು ಕೊನೆಗೆ ಹತ್ತುತ್ತದೆ, ಶಿರೋಲೇಖವು ಆದಿಗೆ ಹತ್ತುತ್ತದೆ ಎಂಬುದೊಂದು ಭೇದ. ಪ್ರಕೃತಿಯು ಕನ್ನಡದ ಉಚ್ಚಾರಣೆಗೆ ಒಗ್ಗಿ ತುಸು ಬದಲಾಗುತ್ತದೆ, ಒಳಗಿನ ಪೊಟ್ಟಣದ ಸಂದೇಶವು ಬದಲಾಗುವುದಿಲ್ಲ ಎಂಬುದು ಇನ್ನೊಂದು. ಆದ್ದರಿಂದ ಈ ವಿಧಾನದ ಜೀವಾಳ ಸುರಂಗವಲ್ಲ, ಹೊದಿಕೆ.

4

ಹೊದಿಸುವ ಹಾಗೂ ಬಿಚ್ಚುವ ಕೆಲಸವನ್ನು ಸಾಮಾನ್ಯವಾಗಿ ನಿರ್ವಹಿಸುವುದು ಕಾರ್ಯಾಚರಣ ವ್ಯವಸ್ಥೆಯ 'ಕರ್ನಲ್'. ಇದಕ್ಕೆ 'ತಿರುಳು' ಎಂಬ ಪದ ಚೆನ್ನಾಗಿ ಒಪ್ಪುತ್ತದೆ. 9ನೆಯ ಶತಮಾನದ 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿರುವುದನ್ನು ಇಲ್ಲಿ ನೆನೆಯಬಹುದು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳಿನ ಮೂಲಬರಹವು ಎಲ್ಲರಿಗೂ ಲಭ್ಯವಿದೆ. ಅದನ್ನು ಯಂತ್ರರೂಪಕ್ಕೆ ಪರಿವರ್ತಿಸುವ ಮುನ್ನ ಯಾವ ಯಾವ ಸೌಲಭ್ಯಗಳು ಬೇಕೆಂಬುದನ್ನು ಆಯ್ಕೆಪಟ್ಟಿಯಲ್ಲಿ ಗೊತ್ತುಪಡಿಸಬೇಕು. ಸುರಂಗಗಳಿಗೆ ಸಂಬಂಧಿಸಿದ ಬಹುತೇಕ ಸೌಲಭ್ಯಗಳಿಗೆ ಮೂರು ಉತ್ತರಗಳು ಸಾಧ್ಯ. 'ವೈ' ಎಂದರೆ ಆ ಸೌಲಭ್ಯವು ತಿರುಳಿನ ಅಂಗವಾಗಿಯೇ ಇರುತ್ತದೆ. 'ಎಂ' ಎಂದರೆ ಪ್ರತ್ಯೇಕ ಘಟಕವಾಗಿದ್ದು ಬೇಕೆನಿಸಿದಾಗ ಬಂದು ಸೇರುತ್ತದೆ. 'ಎನ್' ಎಂದರೆ ಇರುವುದೇ ಇಲ್ಲ. ಮೂರನೆಯದನ್ನು ಆಯ್ದ ಗಣಕದಲ್ಲಿ ಸುರಂಗವನ್ನು ನಿರ್ಮಿಸುವ ಆಜ್ಞೆಯನ್ನು ಎಷ್ಟು ಶುದ್ಧವಾಗಿ ಬರೆದರೂ ತಿರುಳು ಅದನ್ನು ನಿರಾಕರಿಸುತ್ತದೆ. ಆಜ್ಞೆಯಲ್ಲಿ ದೋಷವನ್ನು ಹುಡುಕುವವನು ಆಗ ಕಾಲಹರಣ ಮಾಡಿದಂತಾಗುತ್ತದೆ. ದೋಷವಿರುವುದು ಹಿಂದೆಂದೋ ಮಾಡಿದ ಆಯ್ಕೆಯಲ್ಲಿ.

ಈ ಆಯ್ಕೆಗಳು ಪರಸ್ಪರ ಸಾಪೇಕ್ಷವಾದವು. ಆರನೆಯ ಆವೃತ್ತಿಯ ಪೊಟ್ಟಣವನ್ನು ನಾಲ್ಕನೆಯದರಲ್ಲಿ ಹೊದಿಸುವ 'ಸಿಟ್' ಎಂಬ ಸೌಲಭ್ಯಕ್ಕೆ ಆರನೆಯ ಆವೃತ್ತಿಯ ಬೆಂಬಲವೇ ಆಧಾರ. ಆಧಾರವು ಘಟಕರೂಪದಲ್ಲಿದ್ದರೆ ಆಶ್ರಿತವು ತಿರುಳಿನ ಅಂಗವಾಗಲಾರದು. ಅದೂ ಘಟಕವಾಗಿಯೇ ಇರಬೇಕು. 'ಜಿಆರ್‌ಇ' ಎಂಬ ಮತ್ತೊಂದು ವಿಧಾನಕ್ಕೆ, ಬಂದ ಪೊಟ್ಟಣಗಳನ್ನು ವಿಂಗಡಿಸುವ ಸೌಲಭ್ಯವನ್ನು ಮೊದಲು ಆಯ್ದುಕೊಂಡಿರಬೇಕು. ಇಲ್ಲದಿದ್ದರೆ ಆಯ್ಕೆಪಟ್ಟಿಯಲ್ಲಿ ಅದರ ಹೆಸರೇ ಕಾಣಿಸುವುದಿಲ್ಲ. ಕಾಣಿಸದಿರುವುದನ್ನು ಇಲ್ಲವೆಂದು ಬಗೆಯುವುದು ಇಲ್ಲಿ ಸಾಮಾನ್ಯವಾಗಿ ಸಂಭವಿಸುವ ಪ್ರಮಾದ.

5

ಸುರಂಗವೆಂಬ ರೂಪಕವು ಮರೆಮಾಡುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಭಾರ. ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣವು ವಾಡಿಕೆಯಾಗಿ 1500 ಬೈಟ್‌ಗಳನ್ನು ಮೀರುವಂತಿಲ್ಲ. ನಾಲ್ಕನೆಯ ಆವೃತ್ತಿಯ ಹೊರಶಿರೋಲೇಖಕ್ಕೆ ಕನಿಷ್ಠ 20 ಬೈಟ್ ಬೇಕಾದುದರಿಂದ ಒಳಗಿನದಕ್ಕೆ ಉಳಿಯುವುದು 1480. ಜಿಆರ್‌ಇ ತನ್ನದೆಂದು ಇನ್ನೂ 4 ಬೈಟ್ ಕೇಳುವುದರಿಂದ ಅಲ್ಲಿ ಉಳಿಯುವುದು 1476. ಮಿತಿಯನ್ನು ಮೀರಿದ ಪೊಟ್ಟಣವನ್ನು ದಾಟಿಸಲಾಗದ ಗಣಕವು ಕಳುಹಿಸಿದವನಿಗೆ ಸೂಚನೆ ನೀಡುತ್ತದೆ. ಯಾವುದೋ ಕಾವಲುವ್ಯವಸ್ಥೆ ಆ ಸೂಚನೆಯನ್ನೇ ತಡೆದರೆ ಚಿಕ್ಕ ಸಂದೇಶಗಳು ತಲುಪಿ ದೊಡ್ಡವು ಸದ್ದಿಲ್ಲದೆ ಕಾಣೆಯಾಗುತ್ತವೆ.

ಎರಡನೆಯದು ಗೋಪ್ಯತೆ. ಹೊದಿಸಿದ ಮಾತ್ರಕ್ಕೆ ಒಳಗಿನದು ಗುಟ್ಟಾಗುವುದಿಲ್ಲ. ಸಿಟ್ ಮತ್ತು ಜಿಆರ್‌ಇ ವಿಧಾನಗಳಲ್ಲಿ ನಡುದಾರಿಯಲ್ಲಿರುವವನು ಬಯಸಿದರೆ ಒಳಗಿನ ಬರಹವನ್ನು ಓದಬಲ್ಲನು. ಗೂಢಲಿಪೀಕರಣ ಬೇಕಿದ್ದರೆ ಅದಕ್ಕೆಂದೇ ಬೇರೆ ಸೌಲಭ್ಯವನ್ನು ಆಯ್ದುಕೊಳ್ಳಬೇಕು. 2020ರಲ್ಲಿ ಲಿನಕ್ಸ್ ತಿರುಳಿಗೆ ಸೇರಿದ 'ವೈರ್‌ಗಾರ್ಡ್' ಅಂತಹವುಗಳಲ್ಲಿ ಒಂದು. 'ಸುರಂಗ' ಎಂಬ ಪದವನ್ನು ನಂಬಿ ಗುಟ್ಟಿನ ಮಾತನ್ನು ಕಳುಹಿಸಿದವನಿಗೆ ಪದವೇ ಮೋಸ ಮಾಡಿದಂತಾಗುತ್ತದೆ.

6

ಹಾಗೆಂದು 'ಸುರಂಗ' ಎಂಬ ಪದವನ್ನು ಬಿಡಬೇಕಾಗಿಲ್ಲ. ಇಂಗ್ಲಿಷಿನ ಮೂಲಪದದಲ್ಲಿಯೂ ಇದೇ ದೋಷವಿದ್ದು, ಬಳಕೆಯು ಅದನ್ನು ಸ್ಥಿರಗೊಳಿಸಿದೆ. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವವರು ಪದದ ಜತೆಗೆ ಅದರ ಕ್ರಿಯೆಯನ್ನೂ ಅದರ ಮಿತಿಯನ್ನೂ ಹೇಳಬೇಕಾಗುತ್ತದೆ. ಹೊದಿಕೆ ಯಾವುದು, ಅದರ ಭಾರವೆಷ್ಟು, ಅದನ್ನು ಹೊದಿಸುವ ಶಕ್ತಿ ತಿರುಳಿಗೆ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬಲ್ಲ ವಿದ್ಯಾರ್ಥಿಗೆ ಪದ ಯಾವ ಭಾಷೆಯದಾದರೂ ಅರ್ಥವು ಕನ್ನಡದಲ್ಲಿಯೇ ದೊರೆಯುತ್ತದೆ.