ಕೆಟ್ಟ ನೆಲವನ್ನು ತೊಳೆಯುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯ ಮಾನವಿ ಸೀಮೆಯಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಸೀಮೆಯಲ್ಲಿಯೂ ಎರೆಭೂಮಿಯು ಬಹಳವಾಗಿದೆ. ನೆಲವು ಕೆಡುವ ಬಗೆಗಳು ಬೇರೆ ಬೇರೆ. ಆದಕಾರಣ ತೊಳೆಯುವ ಕ್ರಮವೂ ಬೇರೆ ಬೇರೆ ಎಂಬುದನ್ನು ಗ್ರಾಮದ ಹಿರಿಯರೂ ಜಮೀನುದಾರರೂ ತಿಳಿದಿರತಕ್ಕದ್ದು.

ಮೊದಲನೆಯದು ಎಣ್ಣೆಯ ದೋಷ. ಡೀಸೆಲ್ ಸೋರಿದ ಮಣ್ಣಿಗೆ ನೀರು ಹತ್ತುವುದಿಲ್ಲ. ಸಾಬೂನು, ಅಂಟುವಾಳ ಮುಂತಾದ ನೊರೆದ್ರವ್ಯಗಳ ಕಣದ ಒಂದು ತುದಿಯು ನೀರನ್ನೂ ಇನ್ನೊಂದು ತುದಿಯು ಎಣ್ಣೆಯನ್ನೂ ಹಿಡಿಯುವುದರಿಂದ, ಅವು ಎಣ್ಣೆಯನ್ನು ಮಣ್ಣಿನಿಂದ ಬಿಡಿಸುತ್ತವೆ. ಇದನ್ನು ಹೊಲದಲ್ಲಿಯೇ ಮಾಡಿದರೆ ಬಿಡಿಸಿದ ವಿಷವು ಬಾವಿಗೆ ಇಳಿಯುವ ಭಯವುಂಟು. ಮಣ್ಣನ್ನು ಅಗೆದು ತೊಟ್ಟಿಯಲ್ಲಿ ತೊಳೆದು, ಕೊಳೆನೀರನ್ನು ಪ್ರತ್ಯೇಕವಾಗಿ ಶುದ್ಧಿಮಾಡಬೇಕು. ಇದು ತಜ್ಞರ ಕೆಲಸ.

ಎರಡನೆಯದು ಕರಲು. ಇದಕ್ಕೆ ಸಾಬೂನು ಕೂಡದು. ಸಾಮಾನ್ಯ ಸಾಬೂನಿನಲ್ಲಿರುವ ಸೋಡಿಯಮ್ಮೇ ಕರಲಿಗೆ ಮೂಲ. ಜಿಪ್ಸಮ್ಮನ್ನು ಮೇಲ್ಮಣ್ಣಿಗೆ ಬೆರೆಸಿದರೆ ಅದರ ಸುಣ್ಣದಂಶವು ಜೇಡಿಗೆ ಅಂಟಿದ ಸೋಡಿಯಮ್ಮನ್ನು ಹೊರದೂಡುತ್ತದೆ. ಬಳಿಕ ಮಡಿ ಕಟ್ಟಿ ಒಳ್ಳೆಯ ನೀರು ನಿಲ್ಲಿಸಿ, ಬಸಿಗಾಲುವೆಯಿಂದ ಹೊರಬಿಡಬೇಕು. ಬಸಿಗಾಲುವೆಯಿಲ್ಲದಿದ್ದರೆ ಉಪ್ಪು ಮರಳಿ ಮೇಲೇರುವುದು. ಜಿಪ್ಸಮ್ಮಿನ ಪ್ರಮಾಣವನ್ನು ಮಣ್ಣಿನ ಪರೀಕ್ಷೆಯಿಂದಲೇ ಗೊತ್ತುಮಾಡತಕ್ಕದ್ದು. ರಾಯಚೂರು ನಗರದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಸಂಶೋಧನಾ ಕೇಂದ್ರವು ಇಂತಹ ನೆಲಗಳ ವಿಷಯದಲ್ಲಿ ಸಂಶೋಧನೆ ನಡೆಸುತ್ತದೆ.

ಮೂರನೆಯದು ಬಾವಿಯ ನೀರು. ಜಿಲ್ಲೆಯ ಹಲವೆಡೆ ಬಂಡೆಗಳಿಂದ ಫ್ಲೋರೈಡು ನೀರಿಗೆ ಸೇರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಕೂಡದು. ಸಾಬೂನಿನಿಂದಾಗಲಿ ಕಾಯಿಸುವುದರಿಂದಾಗಲಿ ಅದು ಹೋಗದು.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ ಎಂಬ ಪದ್ಧತಿಯನ್ನು ಹಿರಿಯರು ಗ್ರಾಮದಲ್ಲಿ ರೂಢಿಗೆ ತಂದರೆ ರೈತರ ಹಣವೂ ನೆಲವೂ ಉಳಿಯುವುವು.