ಮಲಬದ್ಧತೆ: ಗುಳಿಗೆಗೆ ಮೊದಲು ಅಭ್ಯಾಸ ಬದಲಿಸಿ

ದಿನಕ್ಕೊಮ್ಮೆ ಮಲವಿಸರ್ಜನೆ ಆಗಲೇಬೇಕು, ಇಲ್ಲವಾದರೆ ಅದು ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಸರಿಯಲ್ಲ. ದಿನಕ್ಕೆ 3 ಬಾರಿಯಿಂದ ಹಿಡಿದು ವಾರಕ್ಕೆ 3 ಬಾರಿಯವರೆಗೆ ಎಲ್ಲವೂ ಸಹಜವೇ. ಅದಕ್ಕಿಂತ ಕಡಿಮೆಯಾಗಿ, ಮಲ ಗಟ್ಟಿಯಾಗಿ, ತಿಣುಕಬೇಕಾಗಿ ಬಂದು, ಈ ತೊಂದರೆ ಮೂರು ತಿಂಗಳು ಮುಂದುವರಿದರೆ ಅದು ದೀರ್ಘಕಾಲದ ಮಲಬದ್ಧತೆ.

ದೊಡ್ಡ ಕರುಳಿನ ಒಂದು ಮುಖ್ಯ ಕೆಲಸ ನೀರನ್ನು ಹೀರುವುದು. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ಆದ್ದರಿಂದ ಒತ್ತಡ ಬಂದಾಗ ತಡೆಹಿಡಿಯುವುದು ಮಲಬದ್ಧತೆಗೆ ದೊಡ್ಡ ಕಾರಣ. ಹಿರಿಯೂರು, ಹೊಸದುರ್ಗದ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಮರೆಯಿಲ್ಲವೆಂದು ಸಂಜೆಯವರೆಗೆ ತಡೆಯುತ್ತಾರೆ. ಅದಕ್ಕೆಂದೇ ನೀರನ್ನೂ ಕಡಿಮೆ ಕುಡಿಯುತ್ತಾರೆ. ಶಾಲೆಯ ಶೌಚಾಲಯ ಕೊಳಕಾಗಿದ್ದರೆ ಮಕ್ಕಳದೂ ಇದೇ ಪಾಡು. ಹೀಗೆ ತಡೆಯುತ್ತಾ ಹೋದರೆ ಒತ್ತಡದ ಅರಿವೇ ಮಂದವಾಗುತ್ತದೆ.

ಎರಡನೆಯ ಕಾರಣ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನ, ಇಡ್ಲಿ, ಮಂಡಕ್ಕಿ ತಿಂದರೆ ಕರುಳಿಗೆ ಕೆಲಸವಿರುವುದಿಲ್ಲ. ರಾಗಿ, ಸಾವೆ, ಸೊಪ್ಪು, ಹೆಸರುಕಾಳು, ಸೀಬೆ, ಪಪ್ಪಾಯಿ ನಿಮ್ಮ ತಟ್ಟೆಗೆ ಮರಳಲಿ.

ನಾರಿನ ಜೊತೆಗೆ ನೀರೂ ಬೇಕು. ಆದರೆ ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಊಟ ತಿಂಡಿ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ, ಒತ್ತಡವಿರಲಿ ಬಿಡಲಿ, ಹತ್ತು ನಿಮಿಷ ಕುಳಿತುಕೊಳ್ಳಿ. ಮೊಬೈಲ್ ಹೊರಗಿರಲಿ. ಕಮೋಡ್ ಬಳಸುವವರು ಪಾದದಡಿ ಸಣ್ಣ ಮಣೆ ಇಟ್ಟುಕೊಂಡರೆ ಕುಕ್ಕರಗಾಲಿನ ಅನುಕೂಲ ಸಿಗುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ ಇಸಬ್‌ಗೋಲ್ ಹೊಟ್ಟನ್ನು ತುಂಬಿದ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬಹುದು, ಒಣದಾಗಿ ನುಂಗಬಾರದು. ಅಂಗಡಿಯ ಭೇದಿ ಗುಳಿಗೆ, ಹರಳೆಣ್ಣೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿತ್ಯ ಬಳಸಬೇಡಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಕೆಲವು ರಕ್ತದೊತ್ತಡದ ಔಷಧಿಗಳು, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ ಕೂಡ ಮಲಬದ್ಧತೆ ತರುತ್ತವೆ. ನೀವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಹಾಸಿಗೆ ಹಿಡಿದ ವೃದ್ಧರ ವಿಷಯದಲ್ಲಿ ಒಂದು ಎಚ್ಚರಿಕೆ. ಹಲವು ದಿನ ಮಲ ಕಟ್ಟಿಕೊಂಡು, ನಂತರ ಬಟ್ಟೆಯಲ್ಲಿ ನೀರಾಗಿ ಸೋರತೊಡಗಿದರೆ ಅದು ಭೇದಿಯಲ್ಲದಿರಬಹುದು. ಗಟ್ಟಿಯಾದ ಮಲದ ಪಕ್ಕದಿಂದ ನೀರು ಜಾರುತ್ತಿರಬಹುದು. ಆಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ತೊಂದರೆ ಹೆಚ್ಚುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವುಗಳನ್ನು ‘ಮೂಲವ್ಯಾಧಿ ಇರಬೇಕು’ ಎಂದು ತಳ್ಳಿಹಾಕಬೇಡಿ. ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಹೇಳಿಕೊಳ್ಳಲು ನಾಚಿಕೆಯೆಂದು ಮನೆಯ ಹಿರಿಯರು ಸುಮ್ಮನಿರುತ್ತಾರೆ. ನೀವೇ ಕೇಳಿ ತಿಳಿದುಕೊಳ್ಳಿ.